ತಲೆಗೆ ನೀರು ಹಾಕದಿದ್ದರೆ ಕೊಳೆ ಹೋಗುವುದೆಲ್ಲಿಗೆ?

2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ನಾಸಾ ಗಗನಯಾತ್ರಿ ಕ್ಯಾರೆನ್ ನೈಬರ್ಗ್ ತಮ್ಮ ಉದ್ದ ಕೂದಲನ್ನು ಶುಚಿ ಮಾಡಿಕೊಳ್ಳುವ ಬಗೆಯನ್ನು ಒಂದು ವಿಡಿಯೊದಲ್ಲಿ ತೋರಿಸಿದರು. ಪೊಟ್ಟಣದಿಂದ ತುಸು ಬೆಚ್ಚನೆಯ ನೀರನ್ನು ನೆತ್ತಿಗೆ ಹಿಂಡಿಕೊಂಡು, ಬೆರಳುಗಳಿಂದ ತುದಿಯವರೆಗೆ ಎಳೆದು, ತೊಳೆಯಬೇಕಿಲ್ಲದ ಶಾಂಪೂ ಹಚ್ಚಿ ತಿಕ್ಕಿದರು. ಬಳಿಕ ಟವೆಲ್ಲಿನಿಂದ ಚೆನ್ನಾಗಿ ಉಜ್ಜಿದರು. ಇನ್ನಷ್ಟು ನೀರು ಹಾಕಿ ಮತ್ತೆ ಟವೆಲ್ ಹಿಡಿದರು, ಕೊನೆಗೆ ಬಾಚಿಕೊಂಡರು. ಹರಿಯುವ ನೀರಿಲ್ಲದ್ದರಿಂದ ಶಾಂಪೂ ಸಡಿಲಿಸಿದ ಕೊಳೆಯನ್ನು ಟವೆಲ್ಲಿನಿಂದಲೇ ತೆಗೆಯಬೇಕಾಗುತ್ತದೆ ಎಂದು ಅವರು ಅಲ್ಲಿ ವಿವರಿಸುತ್ತಾರೆ. ನೀರಿಲ್ಲದೆ ತಲೆ ಶುಚಿ ಮಾಡುವ ವಿದ್ಯೆಯ ತಿರುಳು ಇರುವುದು ಅಷ್ಟರಲ್ಲೇ. ಕೊಳೆ ತಾನಾಗಿ ಮಾಯವಾಗುವುದಿಲ್ಲ. ನೀರು ಹೊತ್ತೊಯ್ಯದಿದ್ದರೆ ಬಟ್ಟೆ ಹೊತ್ತೊಯ್ಯಬೇಕು, ಇಲ್ಲವೇ ಬಾಚಣಿಗೆ.

ಅದಕ್ಕೂ ನಲವತ್ತು ವರ್ಷ ಮೊದಲು, 1973ರಲ್ಲಿ, ಅಮೆರಿಕದ ಬಾಹ್ಯಾಕಾಶ ನಿಲ್ದಾಣವಾಗಿದ್ದ ಸ್ಕೈಲ್ಯಾಬ್‌ನಲ್ಲಿ ಶವರ್ ಇತ್ತು. ಒಂದು ಸ್ನಾನಕ್ಕೆ ಸುಮಾರು 2.8 ಲೀಟರ್ ನೀರು ಸಾಕಾಗುತ್ತಿತ್ತು. ಆದರೆ ತೇಲುವ ಹನಿಗಳನ್ನೆಲ್ಲ ಹೀರಿ, ಒರೆಸಿ ಮುಗಿಸುವಷ್ಟರಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಹೋಗುತ್ತಿತ್ತು. ಇಂದಿನ ಗಗನಯಾತ್ರಿಗಳು ಬಳಸುವ ಶಾಂಪೂ ಮೂಲತಃ ಬಾಹ್ಯಾಕಾಶಕ್ಕೆಂದು ತಯಾರಾದದ್ದಲ್ಲ. ಎದ್ದು ಸ್ನಾನ ಮಾಡಲಾಗದ ಆಸ್ಪತ್ರೆ ರೋಗಿಗಳಿಗಾಗಿ ಬಂದದ್ದು. ನಮಗೂ ಅದರ ನಿಜವಾದ ಅಗತ್ಯ ಬೀಳುವುದು ಅಲ್ಲೇ: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಜ್ಜಿ, ಸೊಂಟದ ಮೂಳೆ ಮುರಿದವರು, ತೀವ್ರ ನಿಗಾ ಘಟಕದಿಂದ ಈಗಷ್ಟೇ ವಾರ್ಡಿಗೆ ಬಂದವರು.

ತೆಗೆಯಬೇಕಾದ ಕೊಳೆ ಯಾವುದೆಂದು ಮೊದಲು ನೋಡೋಣ. ಪ್ರತಿಯೊಂದು ಕೂದಲಿನ ಬುಡದಲ್ಲಿರುವ ಜಿಡ್ಡಿನ ಗ್ರಂಥಿ ಸೀಬಂ ಎಂಬ ಎಣ್ಣೆಯನ್ನು ಸ್ರವಿಸುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಟ್ರೈಗ್ಲಿಸರೈಡ್ ಮತ್ತು ಕೊಬ್ಬಿನಾಮ್ಲಗಳು, ಸುಮಾರು ಕಾಲು ಭಾಗ ಮೇಣದಂಥ ವಸ್ತು, ಹತ್ತನೇ ಒಂದು ಪಾಲಿನಷ್ಟು ಸ್ಕ್ವಾಲೀನ್ ಎಂಬ ಇನ್ನೊಂದು ಎಣ್ಣೆ. ಇಡೀ ತಲೆಯಲ್ಲಿ ದಿನಕ್ಕೆ ಒಸರುವುದು ಒಂದು ಗ್ರಾಂ ಕೂಡ ಆಗದು. ಆದರೆ ಅದು ಮೈ ಬಿಸಿಗೆ ದ್ರವವಾಗಿಯೇ ಇದ್ದು, ಕೂದಲಿನಿಂದ ಕೂದಲಿಗೆ ಹರಡಿ, ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಇದರ ಜೊತೆಗೆ ಬೆವರಿನ ಉಪ್ಪು, ಉದುರಿದ ಚರ್ಮದ ಚೂರು, ರಸ್ತೆಯ ದೂಳು ಸೇರುತ್ತವೆ. ಜಿಡ್ಡು ಎಣ್ಣೆಗೆ ಸೇರಿದ್ದು, ಉಪ್ಪು ನೀರಿಗೆ ಸೇರಿದ್ದು, ದೂಳು ಎರಡಕ್ಕೂ ಸೇರದ್ದು. ಒಂದೇ ಉಪಾಯ ಮೂರಕ್ಕೂ ಸಾಲದಿರುವುದು ಇದರಿಂದಲೇ.

ಮಾಮೂಲಿ ಶಾಂಪೂ ಹಚ್ಚಿ ಟವೆಲ್ಲಿನಿಂದ ಒರೆಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬೇಡ. ಅದರಲ್ಲಿ ನೊರೆಕಾರಕಗಳು ಸಾಮಾನ್ಯವಾಗಿ ನೂರಕ್ಕೆ 10ರಿಂದ 15ರಷ್ಟಿರುತ್ತವೆ. 10 ಮಿಲಿ ಹಚ್ಚಿದರೆ ಒಂದು ಗ್ರಾಮಿಗೂ ಹೆಚ್ಚು ನೊರೆಕಾರಕ ನೆತ್ತಿಗೆ ಬಿತ್ತು. ಅದರಲ್ಲೂ ಸೋಡಿಯಂ ಲಾರೆತ್ ಸಲ್ಫೇಟ್‌ನಂಥವು ಚರ್ಮದ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತವೆ. ಲೀಟರುಗಟ್ಟಲೆ ನೀರು ಹೊಯ್ಯದಿದ್ದರೆ ತುರಿಕೆ, ಒಣಗುವಿಕೆ, ಕೆಂಪು ಕಾಣಿಸಿಕೊಳ್ಳಬಹುದು. ಸೀಗೆಪುಡಿಯೂ ಅಂಟುವಾಳವೂ ಇದಕ್ಕೆ ಒದಗುವುದಿಲ್ಲ. ಅವುಗಳಲ್ಲಿರುವ, ನೊರೆ ಬರಿಸುವ ಸ್ಯಾಪೊನಿನ್ ಎಂಬ ಅಂಶ ಜಿಡ್ಡನ್ನು ಬಿಡಿಸುತ್ತದೆ ನಿಜ, ಆದರೆ ಪುಡಿಯ ಚೂರು ಮತ್ತು ಕಣ್ಣುರಿ ತರಿಸುವ ರಸ ಎರಡನ್ನೂ ನೀರೇ ಕಳಿಸಬೇಕು. ತೊಳೆಯಬೇಕಿಲ್ಲದ ಶಾಂಪೂವಿನಲ್ಲಿ ನೊರೆಕಾರಕವನ್ನು ಬಹಳ ಕಡಿಮೆ ಹಾಕಿ, ಕೊಕಾಮಿಡೊಪ್ರೊಪೈಲ್ ಬೀಟೇನ್‌ನಂಥ ಮೃದು ಬಗೆಯವನ್ನು ಆರಿಸಿರುತ್ತಾರೆ. ಅದು ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲುವಂತೆ ಮಾಡುತ್ತದೆ. ಆ ನೀರು ಇನ್ನೂ ಹಸಿಯಾಗಿರುವಾಗಲೇ ಬಟ್ಟೆ ಅದನ್ನು ಹೀರಬೇಕು. ತಲೆಯಲ್ಲೇ ಒಣಗಲು ಬಿಟ್ಟರೆ ನೀರು ಮಾತ್ರ ಹಾರಿಹೋಗಿ ಜಿಡ್ಡೂ ನೊರೆಕಾರಕವೂ ಇದ್ದಲ್ಲೇ ಉಳಿಯುತ್ತವೆ. ‘ಹಚ್ಚಿದ ಮೇಲೆ ಇನ್ನೂ ಅಂಟಂಟಾಯಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ತಪ್ಪೇ.

ಇಲ್ಲೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು, ಉದ್ದ 30 ಸೆಂಟಿಮೀಟರ್, ದಪ್ಪ 0.07 ಮಿಲಿಮೀಟರ್ ಎಂದುಕೊಳ್ಳಿ. ಎಲ್ಲ ಕೂದಲಿನ ಹೊರಮೈ ಸೇರಿಸಿದರೆ 6 ಚದರ ಮೀಟರಿಗೂ ಹೆಚ್ಚಾಗುತ್ತದೆ, ಅಂದರೆ ಒಂದು ಚಿಕ್ಕ ಕೋಣೆಯ ನೆಲದಷ್ಟು. ಎರಡು ಚಮಚ ದ್ರವ ಅಷ್ಟಕ್ಕೆಲ್ಲ ಸಾಲದು. ಹಾಗಾಗಿ ಉದ್ದ ಜಡೆಯವರಿಗೆ ನೆತ್ತಿ ಮತ್ತು ಬುಡದ ಐದಾರು ಸೆಂಟಿಮೀಟರಿಗೆ ಮಾತ್ರ ಶಾಂಪೂ ಹಾಕಿ. ಉಳಿದ ಉದ್ದಕ್ಕೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಜಿಡ್ಡು ಹುಟ್ಟುವುದು ಬುಡದಲ್ಲಿ.

ಹಾಸಿಗೆಯಲ್ಲಿರುವವರಿಗೆ ಮಾಡುವಾಗ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟರ್ಕಿ ಟವೆಲ್ ಹಾಸಿ ತಲೆ ಇರಿಸಿ. ಕತ್ತು ಅಥವಾ ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ವೈದ್ಯರನ್ನು ಕೇಳದೆ ತಲೆ ಎತ್ತುವುದಾಗಲಿ ಹೊರಳಿಸುವುದಾಗಲಿ ಕೂಡದು. ಕೂದಲು ಒಣಗಿರುವಾಗಲೇ ಸಿಕ್ಕು ಬಿಡಿಸಿ. ತುದಿಯಿಂದ ಶುರು ಮಾಡಿ, ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮೇಲಕ್ಕೆ ಬನ್ನಿ. ವಾರಗಟ್ಟಲೆ ಮಲಗಿದವರ ಹಿಂದಲೆಯಲ್ಲಿ ಕೂದಲು ಜಟೆಗಟ್ಟಿರುತ್ತದೆ. ಆ ಜಾಗಕ್ಕೆ ಮಾತ್ರ ಅರ್ಧ ಚಮಚ ಕೊಬ್ಬರಿ ಎಣ್ಣೆ ಸವರಿ ಬೆರಳಿನಿಂದಲೇ ಬಿಡಿಸಬೇಕು, ಬಾಚಣಿಗೆಯ ಸರದಿ ಆಮೇಲೆ.

ಶಾಂಪೂ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿ, ಮಣಿಕಟ್ಟಿನ ಒಳಮೈಗೆ ಒಂದು ಹನಿ ಬಿಟ್ಟು ನೋಡಿ. ತಣ್ಣನೆಯ ದ್ರವ ರೋಗಿಗೆ ಚಳಿ ಹುಟ್ಟಿಸುತ್ತದೆ, ಸೀಬಂನ ಮೇಣದ ಭಾಗವೂ ತಂಪಿಗೆ ಗಟ್ಟಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಬಳಿಕ ಬೈತಲೆ ತೆಗೆದು ತೆಗೆದು, ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ನೆತ್ತಿಗೇ ಬಿಡಿ. ಗಿಡ್ಡ ಕೂದಲಿಗೆ 30 ಮಿಲಿ, ಭುಜದವರೆಗಿನ ಕೂದಲಿಗೆ 50 ಮಿಲಿ ಆಸುಪಾಸು ಬೇಕಾಗಬಹುದು. ಬುಡ ಪೂರ್ತಿ ಒದ್ದೆಯಾಗಬೇಕು. ಜಿಪುಣತನ ಮಾಡಿದರೆ ಕೊಳೆ ಸಡಿಲವಾಗಿ ಅಲ್ಲೇ ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಉಗುರು ತಾಗಿಸದೆ, ಬೆರಳ ತುದಿಯಿಂದ ಎರಡು ಮೂರು ನಿಮಿಷ ತಿಕ್ಕಿ. ನೊರೆ ಏಳದಿದ್ದರೆ ಜಿಡ್ಡು ಇನ್ನೂ ಬಹಳವಿದೆ ಎಂದರ್ಥ. ಒಮ್ಮೆ ಒರೆಸಿ ಎರಡನೇ ಸುತ್ತು ಹಾಕಿ. ಒರೆಸಲು ಎರಡು ಬಗೆಯ ಬಟ್ಟೆ ಇಟ್ಟುಕೊಳ್ಳುವುದು ಒಳ್ಳೆಯದು: ನೀರಿನಂಶ ಹೀರಲು ಟರ್ಕಿ ಟವೆಲ್, ಎಳೆಗಳ ನಡುವೆ ನುಗ್ಗಲು ಹಳೆಯ ಹತ್ತಿ ಪಂಚೆಯ ತುಂಡು. ಕೂದಲನ್ನು ಸಣ್ಣ ಹಿಡಿಗಳಾಗಿ ಮಾಡಿ, ಬುಡದಿಂದ ತುದಿಗೆ ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಪ್ರತಿ ಹಿಡಿಗೂ ಬಟ್ಟೆಯ ಹೊಸ ಜಾಗ ಬಳಸಿ. ಬಿಳಿ ಬಟ್ಟೆಯಾದರೆ ಕೊಳೆ ಬರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೊನೆಗೆ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಉಳಿದ ಉಪ್ಪೂ ನೊರೆಕಾರಕವೂ ಹೊರಬರುತ್ತವೆ. ಡಬ್ಬಿಯ ಮೇಲೆ ಇದನ್ನು ಬರೆದಿರದಿದ್ದರೂ ಮಾಡುವುದೇ ಸರಿ.

ಈ ಹೊತ್ತಿನಲ್ಲಿ ಹಿಂದಲೆಯ ಚರ್ಮವನ್ನು ತಪ್ಪದೆ ನೋಡಿ. ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣು ಬೆನ್ನಿನಲ್ಲಿ ಬೇಗ ಕಾಣುತ್ತದೆ, ತಲೆಯಲ್ಲಿ ಕೂದಲು ಅದನ್ನು ಮುಚ್ಚಿಡುತ್ತದೆ. ಹೊಲಿಗೆ, ಹಸಿಗಾಯ ಇರುವ ಕಡೆ ಶಾಂಪೂ ತಾಗಿಸಬಾರದು.

ಶಾಂಪೂ ಟೋಪಿ ಎಂಬ ಇನ್ನೊಂದು ರೂಪವೂ ಇದೆ. ಒಳಗೆ ಇದೇ ದ್ರವದಲ್ಲಿ ನೆನೆದ ಬಟ್ಟೆ, ಹೊರಗೆ ಪ್ಲಾಸ್ಟಿಕ್. ಡಬ್ಬಿಯಲ್ಲಿ ಹೇಳಿದಷ್ಟೇ ಸೆಕೆಂಡು ಮೈಕ್ರೊವೇವ್‌ನಲ್ಲಿ ಬೆಚ್ಚಗೆ ಮಾಡಿ, ಹಾಕುವ ಮೊದಲು ಒಳಗೆ ಕೈಯಿಟ್ಟು ನೋಡಬೇಕು, ಏಕೆಂದರೆ ಮೈಕ್ರೊವೇವ್ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಕಾಯಿಸುತ್ತದೆ. ಗಿಡ್ಡ ಕೂದಲಿಗೆ ಇದು ಬಲು ಅನುಕೂಲ. ದಟ್ಟ ಉದ್ದ ಕೂದಲಿಗೆ ದ್ರವ ಸಾಲುವುದಿಲ್ಲ.

ಡ್ರೈ ಶಾಂಪೂವಿನ ದಾರಿಯೇ ಬೇರೆ. ಅಲ್ಲಿ ನೀರೂ ಇಲ್ಲ, ನೊರೆಯೂ ಇಲ್ಲ. ನುಣುಪಾದ ಪುಡಿ ತನ್ನ ಮೇಲ್ಮೈಗೂ ಕಣಗಳ ನಡುವಿನ ಸಂದುಗಳಿಗೂ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ಬಾಚಿದಾಗ ಪುಡಿಯೊಂದಿಗೆ ಎಣ್ಣೆಯೂ ಉದುರುತ್ತದೆ. ಹೆಚ್ಚಾಗಿ ಬಳಸುವುದು ಅಕ್ಕಿ, ಮೆಕ್ಕೆಜೋಳದ ಪಿಷ್ಟ ಮತ್ತು ಸಿಲಿಕಾ. ಅಕ್ಕಿಪಿಷ್ಟದ ಕಣ ಸಾಮಾನ್ಯವಾಗಿ 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣದು, ಮೆಕ್ಕೆಜೋಳದ್ದು ಸುಮಾರು 15, ಆಲೂಗಡ್ಡೆಯದು ಅದಕ್ಕಿಂತ ಹಲವು ಪಟ್ಟು ದೊಡ್ಡದು. ಕಣ ಸಣ್ಣದಾದಷ್ಟೂ ಒಂದು ಗ್ರಾಂ ಪುಡಿಗೆ ಮೇಲ್ಮೈ ಹೆಚ್ಚು, ಕೂದಲ ಮೇಲೆ ಕಾಣುವುದೂ ಕಡಿಮೆ. ರಂಧ್ರಗಳಿಂದ ತುಂಬಿದ ಸಿಲಿಕಾ ತನ್ನ ತೂಕಕ್ಕಿಂತ ಹೆಚ್ಚು ಎಣ್ಣೆಯನ್ನೂ ಹೀರಬಲ್ಲದು.

ಮನೆಯಲ್ಲೇ ಮಾಡಿಕೊಳ್ಳುವವರು ಅಂಗಡಿಯ ಕಾರ್ನ್‌ಫ್ಲೋರ್ ಅಥವಾ ಕರಾವಳಿ, ಮಲೆನಾಡಿನಲ್ಲಿ ಸಿಗುವ ಕೂವೆ ಹಿಟ್ಟು ಬಳಸಬಹುದು. ಎರಡೂ ಬಹುಪಾಲು ಶುದ್ಧ ಪಿಷ್ಟ. ಗಿರಣಿಯ ಅಕ್ಕಿಹಿಟ್ಟು ಬೇಡ. ಅದರಲ್ಲಿ ಪಿಷ್ಟದ ಕಣಗಳು ಬಿಡಿಯಾಗಿರದೆ ಪ್ರೋಟೀನ್ ಜೊತೆ ಗಂಟಾಗಿ ದಪ್ಪ ಚೂರುಗಳಾಗಿರುತ್ತವೆ. ಮೈದಾದಲ್ಲಿರುವ ಗ್ಲುಟೆನ್ ಬೆವರು ತಾಗಿದರೆ ಗೋಂದಾಗುತ್ತದೆ. ಅಡುಗೆ ಸೋಡಾ ಹಾಕಲು ಹೇಳುವವರೂ ಇದ್ದಾರೆ. ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ) 8ಕ್ಕಿಂತ ಹೆಚ್ಚು, ನೆತ್ತಿಯದು 5.5ರ ಸುಮಾರು. ಬೆವರಿನಲ್ಲಿ ಕರಗಿದ ಸೋಡಾ ಕೂದಲಿನ ಹೊರಪದರವನ್ನು ಉಬ್ಬಿಸಿ ಒರಟಾಗಿಸುತ್ತದೆ. ಟಾಲ್ಕಂ ಪೌಡರ್ ಎಣ್ಣೆ ಹೀರುವುದರಲ್ಲಿ ಪಿಷ್ಟದಷ್ಟು ಸಮರ್ಥವಲ್ಲ. ಮೇಲಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕ್ ಅನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗಕ್ಕೆ ಸೇರಿಸಿದೆ. ಕಪ್ಪು ಕೂದಲಿನಲ್ಲಿ ಬಿಳಿ ಪುಡಿ ಕಾಣದಿರಲು ನಾಲ್ಕು ಪಾಲು ಪಿಷ್ಟಕ್ಕೆ ಒಂದು ಪಾಲು ಸಿಹಿಯಿಲ್ಲದ ಕೋಕೊ ಪುಡಿ ಬೆರೆಸಿ ಜರಡಿ ಹಿಡಿಯಬಹುದು. ಆದರೆ ಬಿಳಿ ದಿಂಬಿನ ಕವಚಕ್ಕೆ ಅದರ ಕಲೆ ಅಂಟುತ್ತದೆ.

ಒಂದು ಟೀ ಚಮಚದಷ್ಟು ಪುಡಿ ಒಂದು ಸಲಕ್ಕೆ ಧಾರಾಳ. ಬೈತಲೆ ತೆಗೆದು ಮೇಕಪ್ ಬ್ರಷ್‌ನಿಂದ ಬುಡಕ್ಕೆ ತಟ್ಟಿ. ಸ್ಪ್ರೇ ಆದರೆ ಡಬ್ಬಿಯನ್ನು ಚೆನ್ನಾಗಿ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಒಂದು ಜಾಗಕ್ಕೆ ಒಂದೆರಡು ಸೆಕೆಂಡು ಹೊಡೆಯಿರಿ. ಹತ್ತಿರ ಹಿಡಿದರೆ ದ್ರಾವಕ ಆರುವ ಮೊದಲೇ ಪುಡಿ ಒಂದೇ ಕಡೆ ಬಿದ್ದು ಬಿಳಿ ಪಟ್ಟೆಯಾಗುತ್ತದೆ. ಹಾಕಿದ ಕೂಡಲೇ ಬಾಚಬೇಡಿ. ಎಣ್ಣೆ ಒಳಸೇರಲು ಐದು ನಿಮಿಷವಾದರೂ ಬೇಕು. ಅವಸರಪಟ್ಟರೆ ಒಣ ಪುಡಿ ಉದುರಿ ಜಿಡ್ಡು ಉಳಿಯುತ್ತದೆ. ನಂತರ ಬೆರಳಿನಿಂದ ತಿಕ್ಕಿ, ತಲೆ ಬಗ್ಗಿಸಿ, ಒತ್ತು ಹಲ್ಲಿನ ಬಾಚಣಿಗೆಯಿಂದ ಬುಡದಿಂದ ಬಾಚಿ, ಒಣ ಟವೆಲ್ಲಿನಿಂದ ಕೊಡವಿ.

ಕೂದಲು ಒದ್ದೆಯಿದ್ದರೆ, ಅಥವಾ ಮಂಗಳೂರಿನ ಸೆಕೆಯಲ್ಲಿ ನೆತ್ತಿ ಬೆವರಿದ್ದರೆ, ಪುಡಿ ಎಣ್ಣೆಯ ಬದಲು ನೀರು ಕುಡಿದು ಹಿಟ್ಟಾಗುತ್ತದೆ. ಅದರ ಮೇಲೆ ಹೇರ್ ಡ್ರೈಯರ್ ಹಿಡಿದರಂತೂ ಪಿಷ್ಟ ಬೆಂದು, ಕೂದಲು ಗಂಜಿ ಹಾಕಿದ ಸೀರೆಯಂತೆ ಬಿರುಸಾಗುತ್ತದೆ. ಎಣ್ಣೆ ಹಚ್ಚಿದ ತಲೆಗೂ ಇದು ಪ್ರಯೋಜನವಿಲ್ಲ. ಒಂದು ಟೀ ಚಮಚ ಕೊಬ್ಬರಿ ಎಣ್ಣೆಯೇ ನಾಲ್ಕೂವರೆ ಗ್ರಾಂ ತೂಗುತ್ತದೆ, ಹಲವು ದಿನಗಳ ಸೀಬಂಗೆ ಸಮ. ಅಷ್ಟನ್ನು ಹೀರಿಸುವಷ್ಟು ಪುಡಿಯನ್ನು ತಲೆಯಿಂದ ಬಾಚಿ ತೆಗೆಯಲಾಗದು.

ಸ್ಪ್ರೇ ಡಬ್ಬಿಯ ಬಗ್ಗೆ ಎಚ್ಚರಿಕೆ ಅಗತ್ಯ. ಪುಡಿಯನ್ನು ಹೊರಚಿಮ್ಮಿಸುವುದು ಬ್ಯೂಟೇನ್, ಐಸೊಬ್ಯೂಟೇನ್, ಪ್ರೋಪೇನ್. ಅಡುಗೆ ಅನಿಲದ ಒಡಹುಟ್ಟುಗಳೇ ಇವು. ದೀಪ, ಒಲೆ, ಸಾಂಬ್ರಾಣಿ ಕೆಂಡದ ಹತ್ತಿರ ಹೊಡೆಯಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ಈ ಅನಿಲಗಳು ಪೆಟ್ರೋಲಿಯಂ ಮೂಲದವಾದ್ದರಿಂದ ಬೆಂಜೀನ್ ಬೆರೆಯುವ ಸಾಧ್ಯತೆ ಇರುತ್ತದೆ, ಅದು ರಕ್ತದ ಕ್ಯಾನ್ಸರ್ ತರುವುದೆಂದು ಸಾಬೀತಾದ ವಸ್ತು. ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್, 2022ರ ಅಕ್ಟೋಬರ್‌ನಲ್ಲಿ ಯೂನಿಲಿವರ್ ಇದೇ ಕಾರಣಕ್ಕೆ ಹಲವು ಸ್ಪ್ರೇಗಳನ್ನು ಹಿಂದಕ್ಕೆ ಪಡೆದವು. ವ್ಯಾಲಿಶ್ಯೂರ್ ಎಂಬ ಪ್ರಯೋಗಾಲಯ 34 ಬ್ರಾಂಡ್‌ಗಳ 148 ಬ್ಯಾಚ್‌ಗಳ ಉತ್ಪನ್ನವನ್ನು ಪರೀಕ್ಷಿಸಿದಾಗ ನೂರಕ್ಕೆ 70ರಷ್ಟರಲ್ಲಿ ಬೆಂಜೀನ್ ಸಿಕ್ಕಿತ್ತು. ಅನಿಲವಿಲ್ಲದ ಪುಡಿ ಡಬ್ಬಿಯಲ್ಲಿ ಆ ದಾರಿಯೇ ಮುಚ್ಚಿರುವುದರಿಂದ ಪುಡಿಯನ್ನೇ ಆರಿಸುವುದು ಜಾಣತನ. ದಮ್ಮು ಇರುವವರ ಮೇಲೆ, ಆಮ್ಲಜನಕ ಹಾಕಿರುವ ರೋಗಿಯ ಕೋಣೆಯಲ್ಲಿ ಸ್ಪ್ರೇ ಸರ್ವಥಾ ಕೂಡದು.

ತೊಳೆಯಬೇಕಿಲ್ಲದ ಶಾಂಪೂ, ಡ್ರೈ ಶಾಂಪೂ ಎರಡೂ ಹೊಟ್ಟಿಗೆ ಮದ್ದಲ್ಲ, ಹೇನಿಗಂತೂ ಅಲ್ಲವೇ ಅಲ್ಲ. ಹೊಟ್ಟಿನ ಹಿಂದಿರುವ ಮಲಸೇಜಿಯ ಎಂಬ ಶಿಲೀಂಧ್ರ ಸೀಬಂ ತಿಂದು ಬದುಕುತ್ತದೆ. ಶಿಲೀಂಧ್ರನಾಶಕ ಕೀಟೊಕೊನಜೋಲ್ ಇರುವ ಶಾಂಪೂ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುವುದು ಅದಕ್ಕೊಂದು ಉಪಾಯ. ಪುಡಿ ಹಾಕಿದರೆ ಹೊಟ್ಟು ಯಾವುದು, ಪುಡಿ ಯಾವುದು ಎಂದೇ ತಿಳಿಯದಾಗುತ್ತದೆ. ಸತತ ಎರಡು ಸಲಕ್ಕಿಂತ ಹೆಚ್ಚು ಪುಡಿ ಬಳಸದೆ ನಡುವೆ ಒಮ್ಮೆ ನೀರು ಹಾಕುವುದು ಒಳ್ಳೆಯದು. ಆ ದಿನ ಮೊದಲು ಒಣ ಕೂದಲನ್ನೇ ಚೆನ್ನಾಗಿ ಬಾಚಿ ಪುಡಿ ಉದುರಿಸಿ, ಶಾಂಪೂ ಹಚ್ಚುವ ಮೊದಲು ಪೂರ್ತಿ ಒಂದು ನಿಮಿಷ ಉಗುರುಬೆಚ್ಚನೆಯ ನೀರು ಹರಿಸಿ. ಪಿಷ್ಟ ನೀರಿನಲ್ಲಿ ಕರಗುವುದಿಲ್ಲ, ತೇಲಿಕೊಂಡು ಹೋಗಬೇಕು. ಸುಡುವ ನೀರು ಬಿದ್ದರೆ ಅಂಟಾಗುತ್ತದೆ. ಶಾಂಪೂ ಎರಡು ಸಲ ಹಾಕಿ, ಎರಡನೆಯ ಸಲ ನೆತ್ತಿಯನ್ನು ಬೆರಳಿನಿಂದ ಒತ್ತಿ ಎಳೆದು ನೋಡಿ. ನುಣುಪಾಗಿ ಜಾರಿದರೆ ಇನ್ನೂ ತೊಳೆಯಬೇಕು, ಕಿರ್ರೆಂದು ತಡೆದರೆ ಸಾಕು.