ಹೆಬ್ಬಾವಿನೊಳಗೆ ‘ಬ’ ಎಲ್ಲಿಂದ ಬಂತು?

ಹಾವು ದೊಡ್ಡದಾದರೆ ಹೆಬ್ಬಾವು, ಹುಲಿ ದೊಡ್ಡದಾದರೆ ಹೆಬ್ಬುಲಿ. ಹಾವು, ಹುಲಿ ಎರಡೂ ‘ಹ’ದಿಂದ ಶುರುವಾಗುವ ಪದಗಳು, ಮುಂದೆ ‘ಹೆ’ ಬಂದೊಡನೆ ಆ ‘ಹ’ ಎದ್ದುಹೋಗಿ ‘ಬ’ ಕೂತಿದೆ. ದಾರಿ ಹೆದ್ದಾರಿಯಾದಾಗ, ಮರ ಹೆಮ್ಮರವಾದಾಗ ಅಕ್ಷರ ಬದಲಾಗುವುದಿಲ್ಲ, ಇದ್ದದ್ದೇ ಒತ್ತಾಗಿ ಬರುತ್ತದೆ. ಹಾವಿಗೇಕೆ ಈ ವೇಷ?

ಇಂದಿನ ‘ಹಿರಿದು’ ಹಳಗನ್ನಡದಲ್ಲಿ ‘ಪಿರಿದು’. ಸಮಾಸದಲ್ಲಿ ಅದು ಕುಗ್ಗಿ ವ್ಯಂಜನದ ಮುಂದೆ ‘ಪೆರ್’, ಸ್ವರದ ಮುಂದೆ ‘ಪೇರ್’ ಆಗುತ್ತಿತ್ತು. ಹೇರೂರು ಎಂಬ ಊರ ಹೆಸರಿನಲ್ಲಿರುವುದು ಈ ಎರಡನೆಯದು. ಹಾವು ಆಗ ಪಾವು. ಎರಡನೇ ಪದದ ಮೊದಲ ಕ, ತ, ಪ ಗಳು ಗ, ದ, ಬ ಆಗುವುದು ಶಾಲೆಯಲ್ಲಿ ಓದಿದ ಆದೇಶ ಸಂಧಿ: ಪೆರ್ + ಪಾವು, ಪೆರ್ಬಾವು. ಆಮೇಲೆ, ಸುಮಾರು 10ನೇ ಶತಮಾನದಿಂದ, ಪದದ ಮೊದಲಿನ ‘ಪ’ ‘ಹ’ ಆಗತೊಡಗಿತು. ಇರ್ದು ಇದ್ದು ಆದಂತೆ, ಪರ್ದು ಹದ್ದು ಆದಂತೆ, ನಡುವಿನ ‘ರ್’ ಕೂಡ ಬಿದ್ದು ಮುಂದಿನ ವ್ಯಂಜನ ಇಮ್ಮಡಿಯಾಯಿತು. ಒಂಟಿ ಪಾವು ಹಾವಾಯಿತು. ಪೆರ್ಬಾವಿನ ಒಳಗಿನದು ಅಷ್ಟರಲ್ಲೇ ‘ಬ’ ಆಗಿದ್ದರಿಂದ ಹಕಾರದ ಗಾಳಿ ಅದಕ್ಕೆ ತಾಗಲಿಲ್ಲ. ಮಲಯಾಳದಲ್ಲಿ ಇದೇ ಪ್ರಾಣಿ ಇಂದಿಗೂ ಪೆರುಂಪಾಂಬ್.

ಕಲ್ಲಿನ ಸಾಕ್ಷಿ ಬೇಕೆಂದರೆ ಬೆಂಗಳೂರಿನಲ್ಲೇ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಶಾಸನದಲ್ಲಿ ಈ ಸೀಮೆಯ ಹೆಸರು ‘ಪೆರ್ಬೊೞಲ್ನಾಡು ಮೂವತ್ತು’. ಪೊೞಲ್ ಎಂದರೆ ಪಟ್ಟಣ, ಮೂವತ್ತು ಎಂಬುದು ನಾಡಿನ ಹಳ್ಳಿಗಳ ಲೆಕ್ಕ. ಇಲ್ಲೂ ‘ಪ’ ‘ಬ’ ಆಗಿದೆ, ‘ರ್’ ಇನ್ನೂ ಬಿದ್ದಿಲ್ಲ.

‘ಹೆ’ ಎಂದರೆ ಬರೀ ಗಾತ್ರವೆಂದುಕೊಂಡರೆ ಎಡವುತ್ತೇವೆ. ಕೈಯ ಉದ್ದದ ಬೆರಳು ನಡುಬೆರಳು, ಆದರೂ ಹೆಬ್ಬೆರಳೆಂಬ ಹೆಸರು ದಪ್ಪನೆಯ ಗಿಡ್ಡನಿಗೆ. ಆರಡಿಯ ನಾಗರವನ್ನು ಯಾರೂ ಹೆಬ್ಬಾವು ಎನ್ನುವುದಿಲ್ಲ. ಅದು ದೊಡ್ಡ ನಾಗರ, ಅಷ್ಟೇ. ಹೆಜ್ಜೇನು, ಹೆಬ್ಬಲಸು ಕೂಡ ಹಾಗೆಯೇ, ಬೇರೆ ಜಾತಿಗಳ ಹೆಸರು. ಪೆರ್ಗಡೆ ಎಂಬ ಅಧಿಕಾರಿ ಹೆಗ್ಗಡೆಯಾಗಿ ಮನೆತನದ ಹೆಸರಲ್ಲಿ ಉಳಿದಿದ್ದಾನೆ. ‘ಪೆರ್ಮೆ’ಯಂತೂ ಹೊರಗಿನ ಹಿರಿಮೆಯಿಂದ ಮನಸ್ಸಿನೊಳಕ್ಕೆ ಇಳಿದು ಹೆಮ್ಮೆಯಾಯಿತು.

ಈಗ ಪತ್ರಿಕೆಗಳಲ್ಲಿ ಸಭೆ, ಮೇಳ, ಮೆರವಣಿಗೆ ಎಲ್ಲವೂ ‘ಬೃಹತ್’. 2007ರಲ್ಲಿ ಬೆಂಗಳೂರಿಗೆ ಬಂದ ಪಾಲಿಕೆಯ ಹೆಸರಿನಲ್ಲಿ ‘ಬೃಹತ್’ ಸಾಲದೆಂದು ‘ಮಹಾ’ ಕೂಡ ಇತ್ತು. ಸಂಸ್ಕೃತದ ಪದಗಳಿಗೆ ‘ಹೆ’ ಅಂಟದು, ನಿಜ. ಹೆಸ್ಸಭೆ ಎಂದರೆ ನಗು ಬರುತ್ತದೆ. ಕನ್ನಡದ ಪದಗಳಿಗೆ ಅಂಥ ತೊಡಕಿಲ್ಲ. ಹೊಸದಾಗಿ ಕಟ್ಟುವಾಗ ಪದದ ಹಳೆಯ ರೂಪ ನೋಡಿಕೊಂಡರಾಯಿತು. ಕೆರೆ ಹೆಗ್ಗೆರೆ, ತೆರೆ ಹೆದ್ದೆರೆ. ‘ಹ’ದಿಂದ ಶುರುವಾಗುವ ಪದವಾದರೆ ಅದರ ಹಿಂದೆ ‘ಪ’ ಇತ್ತೇ ಎಂದು ಕೇಳಬೇಕು. ಹಡಗು ಹಿಂದೆ ಪಡಗು. ಹಾಗಾಗಿ ಬಂದರಿಗೆ ಬಂದು ನಿಲ್ಲುವ ಭಾರೀ ಸರಕು ಹಡಗು ಹೆಹ್ಹಡಗಲ್ಲ, ಹೆಬ್ಬಡಗು.