ಗಂಡೋ ಹೆಣ್ಣೋ ಹೇಳದೆ ಕನ್ನಡದಲ್ಲಿ ಕಥೆ ಬರೆಯಬಹುದೇ?

ಪ್ರಶ್ನೆ: ನನ್ನ ಕಥೆಯ ಮುಖ್ಯ ಪಾತ್ರಕ್ಕೆ ತಾನು ಗಂಡೋ ಹೆಣ್ಣೋ ಅನ್ನುವುದು ಇನ್ನೂ ಬಗೆಹರಿದಿಲ್ಲ. ಆದರೆ 'ಬಂದ', 'ಬಂದಳು' ಅನ್ನದೆ ಒಂದು ವಾಕ್ಯ ಮುಗಿಸೋಕೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಕಷ್ಟ ನಿಜ. ಕನ್ನಡದ ಕ್ರಿಯಾಪದ ಬಾಲದಲ್ಲೇ ಗುಟ್ಟು ಬಿಟ್ಟುಕೊಡುತ್ತದೆ. ಆದರೆ ಎಲ್ಲ ಕಡೆಯೂ ಅಲ್ಲ. 'ನಾನು ಬಂದೆ' ಅಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹಿಂದಿಯಲ್ಲಿ 'ನಾನು ಹೋಗುತ್ತೇನೆ' ಅನ್ನುವಾಗಲೇ ಅದು ಗೊತ್ತಾಗಿಬಿಡುತ್ತದೆ. ಹಾಗಾಗಿ ಎಲ್ಲಕ್ಕಿಂತ ಸುಲಭದ ದಾರಿ, ಪಾತ್ರದ ಬಾಯಲ್ಲೇ ಕಥೆ ಹೇಳಿಸುವುದು.

'ಅವರು' ಅಂದರೆ ಆಯ್ತಲ್ಲ ಅನ್ನುವವರಿದ್ದಾರೆ. ಬಳಸಬಹುದು. ಆದರೆ ಹದಿನಾರು ವರ್ಷದ ಪಾತ್ರ 'ಸೈಕಲ್ ಹತ್ತಿದರು' ಅಂದರೆ ಓದುವವರ ಕಣ್ಣ ಮುಂದೆ ಹೆಡ್‌ಮಾಸ್ಟರ್ ಬಂದು ನಿಲ್ಲುತ್ತಾರೆ. 'ಅದು' ಅಂತೂ ಬೇಡವೇ ಬೇಡ. ಮಗುವಿಗಾದರೆ ಮುದ್ದು, ದೊಡ್ಡವರಿಗೆ ಬೈಗುಳ.

ಇನ್ನೊಂದು ದಾರಿ ಹೀಗಿದೆ:

"ಶಶಿಗೆ ಕನ್ನಡಿ ಬೇಡವಾಗಿತ್ತು. ಆದರೂ ಕೈ ಸುಮ್ನೆ ಕೂದಲಿಗೆ ಹೋಯಿತು. ತನ್ನ ಕತ್ತಿಗೆ ಗಾಳಿ ತಾಗಿದ್ದು ಇದೇ ಮೊದಲು. ಒಳಗಿನಿಂದ ಅಮ್ಮ ಕೂಗಿದರು. ಶಶಿ ಮಾತಾಡಲಿಲ್ಲ."

ಇಲ್ಲಿ ಏನೇನು ಕೈಹಿಡಿದಿದೆ ನೋಡಿ. ಇಬ್ಬರಿಗೂ ಒಪ್ಪುವ ಹೆಸರು. ಲಿಂಗವಿಲ್ಲದ 'ತನ್ನ'. ಪಾತ್ರದ ಬದಲು ಕೈ ಮಾಡುವ ಕೆಲಸ. ಜೊತೆಗೆ 'ಬೇಡ', 'ಲಿಲ್ಲ'. ಇವು ಯಾರಿಗಾದರೂ ಒಂದೇ. ಒಂದು ಎಚ್ಚರಿಕೆ: ನಾನು ಮೊದಲ ಸಲ ಹೀಗೆ ಬರೆದಾಗ ಎರಡು ಪುಟದ ತುಂಬ 'ಹೋಗಲಿಲ್ಲ, ನೋಡಲಿಲ್ಲ, ಹೇಳಲಿಲ್ಲ' ಅಂತಲೇ ಆಯಿತು. ಪಾತ್ರ ಏನೂ ಮಾಡದ ಸೋಮಾರಿ ಆಗಿಬಿಟ್ಟಿತ್ತು!

ಆದರೆ ಮುಚ್ಚಿಡುವುದೇ ಕಥೆಯಲ್ಲ ಅಲ್ವಾ? ನನಗೆ ಹೆಚ್ಚು ರುಚಿಸುವುದು ಇದರ ಉಲ್ಟಾ ದಾರಿ. ಬಾಲ ಇರಲಿ. ಆದರೆ ಅದನ್ನು ಯಾರು ಅಂಟಿಸುತ್ತಾರೆ ಅನ್ನುವುದನ್ನು ತೋರಿಸಿ. ಅಮ್ಮನಿಗೆ ಶಶಿ 'ಬಂದಳು'. ಗೆಳೆಯನಿಗೆ 'ಬಂದ'. ನಿರೂಪಣೆ ಮಾತ್ರ ಎರಡನ್ನೂ ಹೇಳದೆ ದೂರ ನಿಲ್ಲಲಿ. ಇನ್ನು ನಮ್ಮ 'ಬಾರೋ', 'ಬಾರೇ' ಇವೆಯಲ್ಲ, ಒಂದೇ ಸ್ವರದ ವ್ಯತ್ಯಾಸ. ಹದಿನಾರು ವರ್ಷ 'ಬಾರೇ' ಎಂದು ಕರೆದ ಅಜ್ಜಿ, ಕೂದಲು ಕತ್ತರಿಸಿದ ದಿನ, ತಲೆ ಎತ್ತದೆ "ಬಾರೋ, ಎಷ್ಟೊತ್ತು" ಅನ್ನಲಿ. ಹೆಣ್ಣುಮಕ್ಕಳನ್ನೂ ಮುದ್ದಿಗೆ ಹಾಗೆ ಕರೆಯುವುದುಂಟು. ಅಜ್ಜಿಗೆ ತಿಳಿದಿತ್ತೋ, ಬಾಯಿತಪ್ಪಿ ಬಂತೋ, ಬರೀ ಮುದ್ದೋ? ಶಶಿಗೂ ಗೊತ್ತಿಲ್ಲ. ಅದನ್ನು ವಿವರಿಸಲು ಹೋಗಬೇಡಿ.

ಈ ಬಾಲದ ಕಾಟ ಹಳೆಯದು. ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ ಜೇಡರ ದಾಸಿಮಯ್ಯ. ಅಲ್ಲೂ ಆ ಪದ 'ಆತ್ಮನು' ಅಂತಲೇ ಇದೆ!

ನಿಮ್ಮ ಬಗ್ಗೆಯೇ ತಿಳಿಯಲು ಬರೆಯುತ್ತಿದ್ದರೆ ಹೀಗೆ ಮಾಡಿ. ಒಂದೇ ಪುಟವನ್ನು ಮೂರು ಸಲ ಬರೆಯಿರಿ: ಒಮ್ಮೆ 'ಅವನು', ಒಮ್ಮೆ 'ಅವಳು', ಒಮ್ಮೆ 'ನಾನು'. ಯಾರಿಗೂ ತೋರಿಸಬೇಕಿಲ್ಲ. ಆಮೇಲೆ ಮೂರನ್ನೂ ಜೋರಾಗಿ ಓದಿ. ಯಾವುದರಲ್ಲಿ ಬೇರೆಯವರ ಅಂಗಿ ತೊಟ್ಟ ಹಾಗೆ ಅನಿಸುತ್ತದೋ ಅಲ್ಲಿ ಗುರುತು ಹಾಕಿ. ನಾಳೆ ಅಲ್ಲಿಂದಲೇ ಶುರು ಮಾಡಿ.