ರೈಫಲ್ ಮುನ್ನೂರು ವರ್ಷ ಕಾದದ್ದೇಕೆ?

ಪ್ರಶ್ನೆ: ನಳಿಕೆಯ ಒಳಗೋಡೆಗೆ ಸುರುಳಿ ಗೀರು ಕೊರೆದರೆ ಗುಂಡು ಗುರಿ ತಪ್ಪದೆ ಹೋಗುತ್ತದೆ ಎಂಬುದು 1500ರ ಆಸುಪಾಸಿನಲ್ಲೇ ಗೊತ್ತಿತ್ತು ಎನ್ನುತ್ತಾರೆ. ಹಾಗಿದ್ದೂ ನೆಪೋಲಿಯನ್ ಕಾಲದ ಸೈನಿಕರು ನುಣುಪು ನಳಿಕೆಯ ಮಸ್ಕೆಟ್ ಹಿಡಿದು, ಎದುರುಬದುರು ಸಾಲುಗಟ್ಟಿ ನಿಂತು ಹೊಡೆದಾಡಿದ್ದೇಕೆ? ಸೇನಾಪತಿಗಳಿಗೆ ಅಷ್ಟೂ ತಿಳಿವಳಿಕೆ ಇರಲಿಲ್ಲವೇ?

ಉತ್ತರ: ಇತ್ತು. ಆ ಕಾಲದ ಸೇನಾಪತಿಗಳನ್ನು ದಡ್ಡರೆಂದು ಭಾವಿಸಿದರೆ ಈ ಕಥೆಯ ಸ್ವಾರಸ್ಯವೇ ಹೊರಟುಹೋಗುತ್ತದೆ. ಅವರು ಲೆಕ್ಕ ಹಾಕಿಯೇ ಗೀರು ಕೊರೆದ ನಳಿಕೆಯ ಕೋವಿಯನ್ನು, ಅಂದರೆ ರೈಫಲನ್ನು, ಬದಿಗಿಟ್ಟಿದ್ದರು, ಮತ್ತು ಸುಮಾರು 1850ರವರೆಗೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ತೊಡಕಿದ್ದದ್ದು ನಳಿಕೆಯಲ್ಲಲ್ಲ, ಗುಂಡಿನಲ್ಲಿ. ಇನ್ನೂ ಬಿಡಿಸಿ ಹೇಳುವುದಾದರೆ, ಆ ಗುಂಡನ್ನು ನಳಿಕೆಯ ಬಾಯಿಂದ ಬುಡದವರೆಗೆ ಇಳಿಸುವ ಕೆಲಸದಲ್ಲಿ.

ಬ್ರಿಟಿಷರ ಪ್ರಸಿದ್ಧ ಮಸ್ಕೆಟ್ ಬ್ರೌನ್ ಬೆಸ್ ಅನ್ನೇ ನೋಡಿ. ಅದರ ನಳಿಕೆಯ ಒಳವ್ಯಾಸ ಸುಮಾರು 19 ಮಿ.ಮೀ. ಅದಕ್ಕೆ ತುಂಬುತ್ತಿದ್ದ ಸೀಸದ ಗುಂಡು ಸುಮಾರು 17.5 ಮಿ.ಮೀ. ಅಂದರೆ ಗುಂಡು ನಳಿಕೆಯೊಳಗೆ ಸಡಿಲವಾಗಿಯೇ ಕೂರುತ್ತಿತ್ತು. ಇದು ತಯಾರಕರ ಅಲಕ್ಷ್ಯವಲ್ಲ, ಬೇಕೆಂದೇ ಬಿಟ್ಟ ತೆರಪು. ಗಂಧಕ, ಇದ್ದಿಲು, ಪೆಟ್ಲುಪ್ಪು ಬೆರೆಸಿದ ಕಪ್ಪುಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದಿಲ್ಲ. ಹೊಗೆಯ ಕಣವಾಗಿ ಹಾರುತ್ತದೆ, ಇಲ್ಲವೇ ಜಿಗುಟಾದ ಕಿಟ್ಟವಾಗಿ ನಳಿಕೆಯ ಒಳಗೆ ಮೆತ್ತಿಕೊಳ್ಳುತ್ತದೆ. ಪ್ರತಿ ಈಡಿಗೂ ನಳಿಕೆ ಒಂದಿಷ್ಟು ಕಿರಿದಾಗುತ್ತ ಹೋಗುತ್ತದೆ. ಗುಂಡು ಮೊದಲೇ ಬಿಗಿಯಾಗಿದ್ದರೆ ಕೆಲವೇ ಈಡುಗಳ ಬಳಿಕ ಸರಳಿನಿಂದ ಎಷ್ಟು ಜಡಿದರೂ ಕೆಳಗಿಳಿಯುವುದಿಲ್ಲ. ಸಡಿಲ ಗುಂಡಾದರೆ ಕಿಟ್ಟ ಕಟ್ಟಿದ ನಳಿಕೆಯಲ್ಲೂ ಜಾರಿ ಬುಡ ಸೇರುತ್ತದೆ.

ಆ ಸಡಿಲಕ್ಕೆ ತೆತ್ತ ಬೆಲೆ ಗುರಿ. ಗುಂಡು ನಳಿಕೆಯ ಗೋಡೆಗೆ ಅತ್ತಿತ್ತ ಬಡಿಯುತ್ತ ಬಂದು, ಕೊನೆಯ ಬಡಿತ ಯಾವ ಕಡೆಗೆ ಬಿತ್ತೋ ಅದಕ್ಕೆ ತಕ್ಕಂತೆ ಹೊರಳುತ್ತ ಹೊರಡುತ್ತಿತ್ತು. 200 ಗಜ ದೂರದ ಒಬ್ಬ ಮನುಷ್ಯನಿಗೆ ಮಸ್ಕೆಟ್ಟಿನಿಂದ ಗುರಿಯಿಡುವುದೂ ಚಂದ್ರನಿಗೆ ಗುರಿಯಿಡುವುದೂ ಒಂದೇ ಎಂಬ ಅರ್ಥದ ಮಾತನ್ನು ಬ್ರಿಟಿಷ್ ಅಧಿಕಾರಿ ಜಾರ್ಜ್ ಹ್ಯಾಂಗರ್ 1814ರಲ್ಲಿ ಬರೆದ. ಆದರೆ ಎದುರಿಗೆ ನಿಂತಿರುವುದು ಒಬ್ಬನಲ್ಲ, ಭುಜಕ್ಕೆ ಭುಜ ತಾಗಿಸಿ ನಿಂತ ಐನೂರು ಜನ. ಅಂಥ ಸಾಲಿನ ಮೇಲೆ ಐನೂರು ಮಸ್ಕೆಟ್ಟುಗಳು ಒಟ್ಟಿಗೆ ಸಿಡಿದರೆ ಒಂದೊಂದು ಗುಂಡಿನ ಹೊರಳಾಟವನ್ನು ಕೇಳುವವರು ಯಾರು? ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದ. ಎರಡು ಸುತ್ತು ಮುಗಿಯುವಷ್ಟರಲ್ಲಿ ಹೊಗೆ ಕವಿದು ಶತ್ರು ಕಣ್ಣಿಗೇ ಬೀಳುತ್ತಿರಲಿಲ್ಲ. ಕಾಣದ ಶತ್ರುವಿಗೆ ನಿಖರವಾದ ಗುರಿ ಹಿಡಿದು ಮಾಡುವುದೇನು?

ಈಗ ರೈಫಲಿನ ಕಡೆಗೆ ಬನ್ನಿ. ಸುರುಳಿ ಗೀರುಗಳ ಕೆಲಸ ಗುಂಡನ್ನು ತನ್ನ ಅಕ್ಷದ ಮೇಲೆ ತಿರುಗಿಸುವುದು. ತಿರುಗುವ ಬುಗುರಿ ಹೇಗೆ ಒಂದೇ ನಿಲುವಿನಲ್ಲಿ ಉಳಿಯುತ್ತದೋ ಹಾಗೆ ಗುಂಡೂ ಹಾದಿ ಬಿಡದೆ ಸಾಗುತ್ತದೆ. ಆದರೆ ಗೀರು ಗುಂಡನ್ನು ತಿರುಗಿಸಬೇಕಾದರೆ ಮೊದಲು ಅದನ್ನು ಕಚ್ಚಿ ಹಿಡಿಯಬೇಕು. ಸಡಿಲ ಗುಂಡಿಗೆ ಗೀರು ಇದ್ದೂ ಇಲ್ಲದಂತೆ. ಹಾಗಾಗಿ ಗುಂಡಿಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನೋ ತೊಗಲನ್ನೋ ಸುತ್ತಿ, ಬಿಗಿಯಾಗಿ ಬಾಯಿಗೆ ಸಿಕ್ಕಿಸಿ, ಬಲ ಹಾಕಿ ಇಳಿಸಬೇಕಾಗುತ್ತಿತ್ತು. 1800ರಲ್ಲಿ ಬ್ರಿಟಿಷ್ ಸೇನೆ ಬೇಕರ್ ರೈಫಲನ್ನು ತೆಗೆದುಕೊಂಡಾಗ ಗುಂಡನ್ನು ಬಡಿದು ಒಳನೂಕಲು ಸೈನಿಕರಿಗೆ ಮರದ ಸುತ್ತಿಗೆಗಳನ್ನೂ ಕೊಟ್ಟಿತ್ತು. ಯುದ್ಧಭೂಮಿಯಲ್ಲಿ ನಿಂತು ಸುತ್ತಿಗೆಯಿಂದ ಗುಂಡು ಬಡಿಯುವ ಚಿತ್ರವೊಂದೇ ಸಾಕು, ಉಳಿದವರು ಮಸ್ಕೆಟ್ಟಿಗೇ ಏಕೆ ಅಂಟಿಕೊಂಡರೆಂದು ತಿಳಿಯಲು.

ಗುರಿಯೂ ಬೇಕು ಎಂದು ಬಿಗಿಯಾಗಿ ತುಂಬಿದರೆ ಒಂದು ಈಡಿಗೆ ನಿಮಿಷದ ಹತ್ತಿರ ಹೋಗುತ್ತಿತ್ತು. ಕುದುರೆ ದಳ ನಾಗಾಲೋಟದಲ್ಲಿ ಬಂದರೆ 200 ಗಜ ದಾಟಲು ಅರ್ಧ ನಿಮಿಷವೂ ಬೇಕಿಲ್ಲ. ಒಂದು ಗುಂಡು ಹಾರಿಸಿದ ರೈಫಲ್‌ಧಾರಿಗೆ ಎರಡನೆಯದಕ್ಕೆ ಅವಕಾಶವೇ ಸಿಗದು. ಜೊತೆಗೆ ಬೇಟೆಯ ರೈಫಲ್ಲುಗಳಿಗೆ ಬಯೊನೆಟ್, ಅಂದರೆ ಕೋವಿಯ ತುದಿಯ ಚೂರಿ, ಸಿಕ್ಕಿಸುವ ಏರ್ಪಾಡೇ ಇರಲಿಲ್ಲ. ಮಸ್ಕೆಟ್ ಎಂದರೆ ಬರೀ ಕೋವಿಯಲ್ಲ, ತುದಿಗೆ ಬಯೊನೆಟ್ ಏರಿದರೆ ಅದು ಆಳುದ್ದದ ಈಟಿ. 1777ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸರಟೋಗಾ ಕಾಳಗದಲ್ಲಿ ಹೆಸರು ಮಾಡಿದ ಡೇನಿಯಲ್ ಮಾರ್ಗನ್‌ನ ಅಮೆರಿಕನ್ ರೈಫಲ್ ಪಡೆಯ ಬೆನ್ನಿಗೆ ಬಯೊನೆಟ್ ಹಿಡಿದ ಹಗುರ ಪದಾತಿಗಳನ್ನು ನಿಲ್ಲಿಸಬೇಕಾಯಿತು.

ಆದ್ದರಿಂದ ರೈಫಲ್ ಸಿಕ್ಕಿದ್ದು ಆತುರವಿಲ್ಲದವರ ಕೈಗೆ: ಜರ್ಮನ್ ಸಂಸ್ಥಾನಗಳ ಬೇಟೆಗಾರರಿಗೆ, ಅರಣ್ಯ ಕಾಯುವವರಿಗೆ, ಅಂಥವರನ್ನೇ ಸೇರಿಸಿ ಕಟ್ಟಿದ ಯೇಗರ್ ಪಡೆಗಳಿಗೆ. ಹೊಂಚು ಹಾಕಿ ಒಂದೇ ಏಟಿಗೆ ಕೆಡವುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಯುಧ ಇರಲಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1740ರ ದಶಕದಲ್ಲೇ ಗುಂಡಿನ ಹೊರಳಾಟಕ್ಕೆ ಕಾರಣ ವಿವರಿಸಿ, ರೈಫಲನ್ನು ಮೊದಲು ಪೂರ್ತಿಯಾಗಿ ಕೈವಶ ಮಾಡಿಕೊಂಡ ದೇಶ ಉಳಿದವರನ್ನು ಮೀರಿಸುತ್ತದೆ ಎಂದಿದ್ದ. ಮಾತು ಸುಳ್ಳಾಗಲಿಲ್ಲ, ನೂರು ವರ್ಷ ತಡವಾಯಿತು ಅಷ್ಟೆ.

ಬಾಯಿಯ ಗೊಡವೆಯೇ ಬೇಡ, ಹಿಂದಿನಿಂದ ತುಂಬೋಣ ಎಂದು ಯಾರಿಗೂ ಹೊಳೆಯಲಿಲ್ಲವೇ ಎಂದರೆ, ಹೊಳೆದಿತ್ತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಫರ್ಗುಸನ್ 1776ರಲ್ಲಿ ತೋರಿಸಿದ ರೈಫಲ್ಲಿನಲ್ಲಿ ನಳಿಕೆಯ ಬುಡಕ್ಕೆ ಒಂದು ತಿರುಪು ಇತ್ತು. ಹಿಡಿ ತಿರುಗಿಸಿದರೆ ಅದು ಕೆಳಗಿಳಿದು ಕಿಂಡಿ ತೆರೆಯುತ್ತಿತ್ತು, ಅಲ್ಲಿಂದ ಗುಂಡು, ಮದ್ದು ಹಾಕಿ ಮುಚ್ಚಿದರೆ ಮುಗಿಯಿತು. ನಿಮಿಷಕ್ಕೆ ನಾಲ್ಕಾರು ಈಡು ಹೊಡೆಯಬಹುದಾಗಿತ್ತು. ಆದರೆ ಅಷ್ಟು ನಯವಾದ ತಿರುಪನ್ನು ಕೈಯಿಂದ ಕೊರೆಯುವ ಕಾಲದಲ್ಲಿ ನೂರರ ಲೆಕ್ಕದಲ್ಲಿ ಮಾಡಬಹುದಿತ್ತೇ ಹೊರತು ಲಕ್ಷದ ಲೆಕ್ಕದಲ್ಲಲ್ಲ. ಸುಮಾರು ನೂರು ರೈಫಲ್ಲುಗಳಷ್ಟೇ ಸೇನೆಗೆ ತಯಾರಾದವು.

ಗಂಟು ಬಿಡಿಸಿದ್ದು ಫ್ರೆಂಚರು. ಅವರ ಪ್ರಶ್ನೆ ಇಷ್ಟು: ತುಂಬುವಾಗ ಸಡಿಲವಾಗಿದ್ದು, ಹಾರುವಾಗ ಬಿಗಿಯಾಗುವ ಗುಂಡು ಸಾಧ್ಯವೇ? 1826ರಲ್ಲಿ ಡೆಲ್ವಿನ್ ಎಂಬ ಅಧಿಕಾರಿ ನಳಿಕೆಯ ಬುಡದಲ್ಲಿ ಕಿರಿದಾದ ಗೂಡು ಮಾಡಿ, ಅದರ ಅಂಚಿನ ಮೇಲೆ ಕೂತ ಗುಂಡನ್ನು ಸರಳಿನಿಂದ ಕುಟ್ಟಿ ಅಗಲಿಸಿದ. 1840ರ ದಶಕದಲ್ಲಿ ತುವೆನಾಂ ಎಂಬಾತ ಅದೇ ಜಾಗದಲ್ಲಿ ಉಕ್ಕಿನ ಮೊಳೆಯನ್ನು ನಿಲ್ಲಿಸಿದ. ಇಬ್ಬರದೂ ಕುಟ್ಟುವ ದಾರಿಯೇ. ಗುಂಡು ಅಗಲವಾಗುತ್ತಿತ್ತು, ಜೊತೆಗೆ ವಿಕಾರವೂ ಆಗುತ್ತಿತ್ತು. 1849ರಲ್ಲಿ ಕ್ಲೋದ್ ಎಟಿಯೆನ್ ಮಿನಿಯೆ ಕುಟ್ಟುವುದನ್ನೇ ಕೈಬಿಟ್ಟ. ಅವನ ಗುಂಡು ಉರುಟಾಗಿರಲಿಲ್ಲ, ಮೂತಿ ಚೂಪಾಗಿ ಉದ್ದಕ್ಕಿತ್ತು, ಹಿಂಬದಿ ಪೊಳ್ಳಾಗಿತ್ತು. ಆ ಪೊಳ್ಳಿನಲ್ಲಿ ಕಬ್ಬಿಣದ ಪುಟ್ಟ ಬಟ್ಟಲು. ಮದ್ದು ಸಿಡಿದಾಗ ಅನಿಲದ ಒತ್ತಡ ಬಟ್ಟಲನ್ನು ಮುಂದಕ್ಕೆ ತಳ್ಳಿ, ಮೆತ್ತನೆಯ ಸೀಸದ ಅಂಚನ್ನು ಹೊರಕ್ಕೆ ಉಬ್ಬಿಸಿ ಗೀರಿನೊಳಗೆ ಕೂರಿಸುತ್ತಿತ್ತು. ಅಮೆರಿಕದ ಜೇಮ್ಸ್ ಬರ್ಟನ್ ಆ ಬಟ್ಟಲೂ ಬೇಡ, ಪೊಳ್ಳಿನ ಅಂಚು ತೆಳುವಾಗಿದ್ದರೆ ಅನಿಲವೊಂದೇ ಸಾಕು ಎಂದು ತೋರಿಸಿದ. ಮುನ್ನೂರು ವರ್ಷಗಳ ಬೀಗಕ್ಕೆ ಕೀಲಿ ಸಿಕ್ಕಿದ್ದು ಸೀಸದ ಒಂದು ಸಣ್ಣ ಗುಳಿಯಲ್ಲಿ. ನಳಿಕೆ ಮಾಡುವವರು ಮಾಡಬೇಕಾದ ಹೊಸ ಕೆಲಸ ಏನೂ ಇರಲಿಲ್ಲ.

ಬ್ರಿಟಿಷರ 1853ರ ಎನ್‌ಫೀಲ್ಡ್ ಈ ತತ್ವದ ಮೇಲೆಯೇ ಬಂದದ್ದು. ಒಳವ್ಯಾಸ 14.7 ಮಿ.ಮೀ., ಮೂರು ಗೀರು. ಅದರ ಕಾಡತೂಸು ಒಂದು ಕಾಗದದ ಕೊಳವೆ; ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಕೆಗೆ ಸುರಿದು, ಕೊಳವೆಯನ್ನು ತಿರುಗಿಸಿ ಗುಂಡಿನ ತುದಿಯನ್ನು ನಳಿಕೆಯ ಬಾಯಿಗಿಟ್ಟು, ಉಳಿದ ಕಾಗದವನ್ನು ಕಿತ್ತೆಸೆದು ಸರಳಿನಿಂದ ಇಳಿಸಬೇಕು. ಗುಂಡಿಗೆ ಸುತ್ತಿದ ಕಾಗದಕ್ಕೆ ಜಿಡ್ಡು ಸವರಿರುತ್ತಿತ್ತು. ಜಿಡ್ಡು ಅಲಂಕಾರಕ್ಕಲ್ಲ, ಅದಿಲ್ಲದಿದ್ದರೆ ಕಿಟ್ಟ ಮೆದುವಾಗದೆ ಕೆಲವೇ ಈಡಿಗೆ ನಳಿಕೆ ಕಟ್ಟಿಕೊಳ್ಳುತ್ತಿತ್ತು. ಆ ಜಿಡ್ಡು ದನದ್ದೋ ಹಂದಿಯದ್ದೋ ಎಂಬ ಮಾತು 1857ರ ಆರಂಭದಲ್ಲಿ ಕಲ್ಕತ್ತದ ಬಳಿಯ ಡಂಡಂನಿಂದ ಹಬ್ಬಿತು. ಏಪ್ರಿಲ್‌ನಲ್ಲಿ ಮೀರತ್ತಿನ 85 ಸವಾರರು ಕಾಡತೂಸು ಮುಟ್ಟಲು ಒಪ್ಪಲಿಲ್ಲ. ಮೇ 10ಕ್ಕೆ ದಂಗೆ ಎದ್ದಿತು. ಆ ದಂಗೆಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಮಿನಿಯೆಯ ಜಾಣತನಕ್ಕೂ ಆ ಕಿಡಿಗೂ ನಡುವಿನ ನಂಟು ಪಠ್ಯಪುಸ್ತಕಗಳಲ್ಲಿ ಅಪರೂಪಕ್ಕೂ ಕಾಣುವುದಿಲ್ಲ. ದಂಗೆಗೆ ಮುಂಚೆಯೇ ಹಲ್ಲಿನ ಬದಲು ಕೈಯಿಂದ ಹರಿಯುವಂತೆ ಕವಾಯತನ್ನೇ ತಿದ್ದಿದ್ದರು, ಆದರೂ ಅನುಮಾನ ಹೋಗಲಿಲ್ಲ.

ಹಾಗಾದರೆ 1850ರ ಬಳಿಕ ಸಾಲುಗಟ್ಟಿ ನಿಲ್ಲುವುದು ಕೂಡಲೇ ನಿಂತಿತೇ? ಇಲ್ಲ. ಹೊಸ ರೈಫಲ್ಲಿನ ಗುಂಡು ಗುರಿಗೆ ಹೋಗುತ್ತಿತ್ತು, ಆದರೆ ನಿಧಾನವಾಗಿ, ಕಮಾನಿನಂತೆ ಬಾಗಿ ಹೋಗುತ್ತಿತ್ತು. ದೂರಕ್ಕೆ ತಕ್ಕಂತೆ ಗುರಿ ಹಿಡಿಯಲು ಕೋವಿಯ ಮೇಲಿರುವ ದೃಷ್ಟಿಪಟ್ಟಿಯನ್ನು 400 ಗಜಕ್ಕೆ ಹೊಂದಿಸಿ ಹೊಡೆದರೆ ನಡುದಾರಿಯಲ್ಲಿ ಗುಂಡು ನಿಂತ ಮನುಷ್ಯನ ತಲೆಯ ಮೇಲಿಂದ ದಾಟುತ್ತದೆ. ದೂರದ ಅಂದಾಜು ತಪ್ಪಿದರೆ ಗುರಿಯೂ ತಪ್ಪಿದಂತೆ. ಬ್ರಿಟಿಷರು 1853ರಲ್ಲಿ ಹೈತ್‌ನಲ್ಲಿ ಶಾಲೆ ತೆರೆದು ದೂರ ಅಳೆಯುವುದನ್ನೇ ಒಂದು ಪಾಠವಾಗಿ ಕಲಿಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಅಂಥ ತರಬೇತಿ ಬಹುತೇಕ ಯಾರಿಗೂ ಸಿಗಲಿಲ್ಲ. ಆ ಯುದ್ಧದ ಅಪಾರ ಸಾವುನೋವಿಗೆ ರೈಫಲ್ಲೇ ಕಾರಣ ಎಂದು ಹಿಂದೆ ಬರೆಯುತ್ತಿದ್ದರು. ಇತ್ತೀಚಿನ ಇತಿಹಾಸಕಾರರು ಬಹಳಷ್ಟು ಗುಂಡಿನ ಕಾಳಗ ಹಳೆಯ ಮಸ್ಕೆಟ್ ದೂರದಲ್ಲೇ ನಡೆಯಿತೆಂದು ವಾದಿಸುತ್ತಾರೆ. ನನಗೆ ಎರಡನೆಯವರ ಮಾತೇ ಒಪ್ಪಿಗೆ.

ಬಾಯಿಂದ ತುಂಬುವ ಕೋವಿಯ ದೌರ್ಬಲ್ಯಕ್ಕೆ ಆ ಯುದ್ಧವೇ ಒಂದು ಸಾಕ್ಷಿ ಬಿಟ್ಟುಹೋಗಿದೆ. 1863ರ ಗೆಟಿಸ್‌ಬರ್ಗ್ ಕಾಳಗದ ಬಳಿಕ ನೆಲದಿಂದ ಆಯ್ದ ಸುಮಾರು 27,000 ಕೋವಿಗಳಲ್ಲಿ ಸುಮಾರು 24,000 ತುಂಬಿದ ಸ್ಥಿತಿಯಲ್ಲೇ ಇದ್ದವೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡುಗಳಿದ್ದವೆಂದೂ, ಒಂದರಲ್ಲಿ 23 ಈಡುಗಳು ಒಂದರ ಮೇಲೊಂದು ಕೂತಿದ್ದವೆಂದೂ ವರದಿಯಾಯಿತು. ಗದ್ದಲದಲ್ಲಿ ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೋಪಿ) ಸಿಡಿಯದಿದ್ದರೂ ತಿಳಿಯದು. ಗಾಬರಿಗೊಂಡ ಹುಡುಗ ಮತ್ತೆ ಮತ್ತೆ ತುಂಬುತ್ತಲೇ ಹೋಗಿದ್ದಾನೆ.

ಪ್ರಷ್ಯನ್ನರು ಇದರಿಂದ ಪಾರಾಗಿದ್ದರು. 1841ರಲ್ಲೇ ಅವರು ಹಿಂದಿನಿಂದ ತುಂಬುವ ಡ್ರೈಸೆ ರೈಫಲನ್ನು ಒಪ್ಪಿಕೊಂಡಿದ್ದರು. ಅದರ ಉದ್ದನೆಯ ಸೂಜಿ ಕಾಗದದ ಕಾಡತೂಸನ್ನೂ ಮದ್ದನ್ನೂ ಚುಚ್ಚಿಕೊಂಡು ಹೋಗಿ ಗುಂಡಿನ ಬುಡದಲ್ಲಿದ್ದ ಕಿಡಿಮದ್ದನ್ನು ಕುಕ್ಕುತ್ತಿತ್ತು. ಕೀಲಿನ ಸಂದಿನಿಂದ ಬಿಸಿ ಅನಿಲ ಸೋರಿ ಮುಖಕ್ಕೆ ರಾಚುತ್ತಿದ್ದುದು ಅದರ ಕುಖ್ಯಾತ ದೋಷ. ಆದರೆ 1866ರ ಜುಲೈ 3ರಂದು ಕೋನಿಗ್‌ಗ್ರೇಟ್ಸ್‌ನಲ್ಲಿ ಆಸ್ಟ್ರಿಯನ್ನರ ಎದುರು ಈ ದೋಷ ಲೆಕ್ಕಕ್ಕೆ ಬರಲಿಲ್ಲ. ಆಸ್ಟ್ರಿಯನ್ನರ ಲೊರೆಂಜ್ ರೈಫಲ್ ಹೆಚ್ಚು ದೂರ ಹೊಡೆಯುತ್ತಿತ್ತು, ಆದರೆ ಅದನ್ನು ತುಂಬಲು ಎದ್ದು ನಿಲ್ಲಬೇಕು. ಪ್ರಷ್ಯನ್ ಸಿಪಾಯಿ ನೆಲಕ್ಕೆ ಮಲಗಿಯೇ ತುಂಬಿ, ಮಲಗಿಯೇ ಹೊಡೆದ. ಸಾಲುಗಟ್ಟಿ ನಿಲ್ಲುವ ಯುದ್ಧಕ್ಕೆ ನಿಜವಾದ ಕುತ್ತು ಬಂದದ್ದು ನಿಖರ ಗುರಿಯಿಂದಲ್ಲ, ಈ ಮಲಗುವ ಸೌಕರ್ಯದಿಂದ ಎಂಬುದು ನನ್ನ ಎಣಿಕೆ. ಬಳಿಕ ಹಿತ್ತಾಳೆಯ ಕಾಡತೂಸು ಬಂತು. ಸಿಡಿದ ಕ್ಷಣ ಅದೇ ಉಬ್ಬಿ ಸಂದು ಮುಚ್ಚುವುದರಿಂದ ಸೋರಿಕೆಯೂ ನಿಂತಿತು.

ಉಳಿದಿದ್ದ ಕೊನೆಯ ಶನಿ ಹೊಗೆ ಮತ್ತು ಕಿಟ್ಟ. 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದು ಮಾಡಿದ. ಎರಡೇ ವರ್ಷಕ್ಕೆ 8 ಮಿ.ಮೀ. ಲೆಬೆಲ್ ರೈಫಲ್ ಬಂತು. ಗುಂಡಿನ ವೇಗ ಬಹಳ ಹೆಚ್ಚಾಯಿತು, ಹಾದಿ ಚಪ್ಪಟೆಯಾಯಿತು, ಅಷ್ಟು ವೇಗಕ್ಕೆ ಬರೀ ಸೀಸ ಗೀರಿನಲ್ಲಿ ಕಿತ್ತುಹೋಗುವುದರಿಂದ ಗುಂಡಿಗೆ ಗಟ್ಟಿ ಲೋಹದ ಹೊದಿಕೆ ಬೇಕಾಯಿತು. ಮೌಸರ್, ಲೀ-ಎನ್‌ಫೀಲ್ಡ್, ಮೊಸಿನ್ ಎಲ್ಲವೂ ಈ ಹಾದಿಯವೇ. ಸೇನೆಗಳಿಗೆ ದೂರದ ಅಮಲೇರಿತು. ಲೀ-ಎನ್‌ಫೀಲ್ಡಿನ ಪಕ್ಕದಲ್ಲಿ ಮೈಲಿಗಿಂತ ಹೆಚ್ಚು ದೂರಕ್ಕೆ ಸಾಮೂಹಿಕವಾಗಿ ಗುಂಡು ಸುರಿಸಲೆಂದೇ ಇನ್ನೊಂದು ದೃಷ್ಟಿಪಟ್ಟಿ ಅಂಟಿಸಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅದು ಯಾರಿಗೂ ಬೇಡವಾಗಿ, ನಡುವೆಯೇ ಕೈಬಿಟ್ಟರು.

ಕಾಳಗ ಹೆಚ್ಚಾಗಿ ನಡೆಯುವುದು 300–400 ಮೀಟರಿನೊಳಗೆ ಎಂದು ಜರ್ಮನ್ನರು ಎರಡನೆಯ ಮಹಾಯುದ್ಧದಲ್ಲಿ ಒಪ್ಪಿಕೊಂಡು, ಸಣ್ಣ ಕಾಡತೂಸಿನ, ಸತತವಾಗಿ ಹಾರಿಸಬಲ್ಲ ಎಸ್‌ಟಿಜಿ 44 ಎಂಬ ರೈಫಲ್ ಮಾಡಿದರು. ಕಲಾಶ್ನಿಕೋವ್‌ನ ಎಕೆ-47, 1960ರ ದಶಕದ 5.56 ಮಿ.ಮೀ. ಎಂ16 ಅದೇ ವಿಚಾರದ ಮುಂದುವರಿಕೆ: ದೂರ ಕಡಿಮೆಯಾದರೂ ಸರಿ, ಗುಂಡು ಹೆಚ್ಚಿರಲಿ. ಈಗ ಗುಂಡು ತಡೆಯುವ ಕವಚ ಎಲ್ಲೆಡೆ ಹರಡಿರುವುದರಿಂದ ಲೆಕ್ಕ ಮತ್ತೆ ತಿರುಗುತ್ತಿದೆ. ಅಮೆರಿಕದ ಸೇನೆ 2022ರಲ್ಲಿ 6.8 ಮಿ.ಮೀ. ರೈಫಲನ್ನು ಆರಿಸಿಕೊಂಡಿತು. ಕವಚ ಭೇದಿಸುವ ಬಲ ಹೆಚ್ಚು, ರೈಫಲ್ಲಿನ ತೂಕವೂ ಹೆಚ್ಚು, ಮ್ಯಾಗಜೀನಿನಲ್ಲಿ ಮೂವತ್ತರ ಬದಲು ಇಪ್ಪತ್ತೇ ಗುಂಡು. ಸಿಪಾಯಿಗಳು ಹೊರಬಲ್ಲ ಗುಂಡಿನ ಎಣಿಕೆ ಇಳಿದದ್ದರ ಬಗ್ಗೆ ಅಲ್ಲಿ ಆಗಲೇ ಜಗಳ ಶುರುವಾಗಿದೆ.